ಹಳ್ಳದ ತೀರ್ಥ

ನಮಗೆ ಪ್ರಾಣಿಶಾಸ್ತ್ರ ಕಲಿಸಿದ ಮೇಡಂ ಯಾವ ಜೀವಿಯನ್ನು ತೋರಿಸಿದರೂ "ಮೊದಲು ಉಸಿರು ನೋಡಿ" ಎನ್ನುತ್ತಿದ್ದರು. ಒಂದು ಆಯುಧಪೂಜೆಯ ಬೆಳಿಗ್ಗೆ ಅವರ ಜೊತೆ ಇಸಳೂರಿನಾಚೆ ಹೋದಾಗ, ಒಬ್ಬ ಹಳ್ಳಕ್ಕೇ ಲಾರಿ ಇಳಿಸಿ ತೊಳೆಯುತ್ತಿದ್ದ. ನೀರ ಮೇಲೆಲ್ಲ ಎಣ್ಣೆ. ಮೇಡಂ ಅದರೊಳಗಿಂದ ಒಂದು ಏಡಿಯನ್ನು ಎತ್ತಿ ಹಿಡಿದರು.

"ಸತ್ತಿಲ್ವಲ್ಲ ಮೇಡಂ, ಎಂತ ಆಗ್ತದೆ?" ಎಂದ ಲಾರಿಯವ.

"ಉಸಿರು ನೋಡಿ ಮಾರಾಯ್ರೆ! ಕಿವಿರಿಗೆಲ್ಲ ಎಣ್ಣೆ ಮೆತ್ತಿದೆ. ತಿಂದದ್ದೆಲ್ಲ ಉಸಿರಾಡ್ಲಿಕ್ಕೇ ಖರ್ಚಾದ್ರೆ ಅದು ಬೆಳೆಯೂದು ಯಾವಾಗ, ಮರಿ ಮಾಡೂದು ಯಾವಾಗ?"

ಆತ ನಕ್ಕು, ಲಾರಿಗೆ ಆರತಿ ಎತ್ತಿ, ಕಾಯಿ ಒಡೆದು ಪ್ರಸಾದ ಕೊಡಲು ಬಂದ. ಮೇಡಂ ಏಡಿಯನ್ನು ಹಳ್ಳಕ್ಕೆ ಬಿಟ್ಟು, ಅದೇ ನೀರನ್ನು ಬೊಗಸೆಯಲ್ಲಿ ಹಿಡಿದರು.

"ಪ್ರಸಾದಕ್ಕೆ ಮೊದಲು ತೀರ್ಥ ಅಲ್ವಾ? ತಗೊಳ್ಳಿ."

ಆತ ಹಿಂದೆ ಸರಿದ. ಏಡಿಗೆ ಸರಿಯಲು ಬೇರೆ ಹಳ್ಳವಿರಲಿಲ್ಲ.