ರಾಕ್ಷಸನಿಗೆ ಹಾಲುತುಪ್ಪ ಬಿಡಿಸಿದ ಜುಂಜಣ್ಣ

ಹರಿಯಬ್ಬೆಯ ಹೊರಗಿನ ಬಯಲಿನಲ್ಲಿ ಹೊತ್ತು ಈಗಷ್ಟೇ ಮೂಡಿದೆ. ಟೂರಿಂಗ್ ಟಾಕೀಸಿನ ಡೇರೆಯ ಹಿಂದೆ ಜುಂಜಣ್ಣ ಚಕ್ಕಳಮಕ್ಕಳ ಹಾಕಿ ಕುಳಿತು, ಸಿನಿಮಾ ರೀಲನ್ನು ಮೊಳದಷ್ಟು ಬಿಚ್ಚಿ ಸೂರ್ಯನ ಕಡೆಗೆ ಹಿಡಿದು ನೋಡುತ್ತಿದ್ದಾರೆ. ಒಟ್ಟು ಒಂಬತ್ತು ರೀಲು. ಯಾರು ಯಾರನ್ನು ಹೊಡೆಯುತ್ತಾರೆ, ಯಾರು ಬೀಳುತ್ತಾರೆ ಎಂಬುದೆಲ್ಲ ಸಂಜೆಯೊಳಗೆ ತಲೆಗೆ ಹತ್ತಬೇಕು. ಎರಡನೆಯ ರೀಲಿಗೆ ಬಂದವರು ಚೇಳು ಕುಟುಕಿದಂತೆ ಎದ್ದು ನಿಲ್ಲುತ್ತಾರೆ.

"ಸ್ವಾಮೀ, ಕೆಟ್ಟೆ! ಇವನು ಬದುಕವ್ನೆ! ಹೋದ ವರ್ಷ ಇದೇ ಬಯಲಾಗೆ ನಾನೇ ಸಾಯಿಸಿದ್ನಲ್ರೀ!"

"ಇವನು" ಅಂದರೆ ಜಪಾನಿನ ಸಿನಿಮಾಗಳಲ್ಲಿ ಬರುವ, ಬೆಟ್ಟದಷ್ಟು ಎತ್ತರದ ರಾಕ್ಷಸ ಪ್ರಾಣಿ. ಈ ಚಿತ್ರಗಳು ಒಂದರ ಹಿಂದೊಂದು ಬರುತ್ತಲೇ ಇವೆ, ಮಾತೆಲ್ಲ ಇಂಗ್ಲಿಷ್. ಐಮಂಗಲ, ಹೊಸದುರ್ಗ, ಹೊಳಲ್ಕೆರೆ ಎಂದು ಡೇರೆ ಹೋದಲ್ಲೆಲ್ಲ ಪರದೆಯ ಪಕ್ಕ ಮೈಕು ಹಿಡಿದು ಕನ್ನಡದಲ್ಲಿ ಕಥೆ ಹೇಳುವವರು ಈ ಐವತ್ತೆರಡರ ಜುಂಜಣ್ಣ. ಇವರ ಬಗ್ಗೆ ಲೇಖನ ಬರೆಯಲು ಬಂದ ನಾನು, ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ಕೇಳುತ್ತೇನೆ.

"ಯೆಸ್ಸು, ನೋ ಎರಡೂ ಬತ್ತವೆ" ಎನ್ನುತ್ತಾರೆ.

ನಾನು ದಂಗಾಗುತ್ತೇನೆ. ಚಿತ್ರ ನೋಡಿ ಕಥೆಯನ್ನು ತಾವೇ ಕಟ್ಟುತ್ತಾರೆ. ಆ ಪ್ರಾಣಿಗೆ ಇವರಿಟ್ಟ ಹೆಸರು ಕರಿಯಪ್ಪ. ಅದರ ಮೇಲೆ ಬೀಳುವ ಕೊಂಬಿನ ಪ್ರಾಣಿ ದಾಯಾದಿ. ಬಿಳಿ ಕೋಟಿನ ವಿಜ್ಞಾನಿ ದನದ ಡಾಕ್ಟ್ರು.

"ಸುಮ್‌ಸುಮ್ಕೆ ಊರು ತುಳಿಯಾಕೆ ಅವನಿಗೇನು ತಲೆ ಕೆಟ್ಟೈತಾ? ಆ ಪಟ್ಣ ಕಟ್ಟಿರೋದು ಅವರ ತಾತನ ಕಾಲದ ಗೋಮಾಳದ ಮ್ಯಾಲೆ. ಕೇಳಾಕೆ ಬಂದ್ರೆ ಗುಂಡು ಹೊಡೀತಾರೆ. ನೀವಾಗಿದ್ರೆ ಬಿಡ್ತಿದ್ರಾ?"

ಬಿ.ಎ. ಓದಿದ ನಾನೂ ಕರಿಯಪ್ಪನ ಪರವಾಗಿಯೇ ತಲೆಯಾಡಿಸುತ್ತೇನೆ.

೧೯೬೫ರವರೆಗೆ ಜುಂಜಣ್ಣ ಎತ್ತಿನ ಗಾಡಿಯಲ್ಲಿ ಕುಳಿತು ಸಿನಿಮಾ ಹೆಸರು ಕೂಗುತ್ತಿದ್ದವರು. ಒಂದು ಸಂಜೆ ಇಂಗ್ಲಿಷ್ ಅರ್ಥವಾಗದೆ ಜನ ಎದ್ದು ಹೊರಟಾಗ, ಡೇರೆಯ ಮಾಲೀಕರಾದ ಶಿವಕುಮಾರಪ್ಪ ದಿಕ್ಕು ತೋಚದೆ ಇವರ ಕೈಗೆ ಮೈಕು ತುರುಕಿದರು. ಅವತ್ತಿನಿಂದ ಹನ್ನೊಂದು ವರ್ಷ, ದಿನಕ್ಕೆ ಎರಡು ಆಟ. ಗಂಟಲು ಕಟ್ಟಿದರೆ ಮೆಣಸು, ಬೆಲ್ಲ. ಯಾವ ಪೋಸ್ಟರಿನಲ್ಲೂ ಇವರ ಹೆಸರಿಲ್ಲ.

ಹೋದ ವರ್ಷದ ಚಿತ್ರದ ಕೊನೆಯಲ್ಲಿ ಪ್ರಾಣಿ ಸಮುದ್ರಕ್ಕಿಳಿದು ಮುಳುಗುತ್ತದೆ. ನೀರಿನ ಮೇಲೆ ಗುಳ್ಳೆ ಏಳುತ್ತವೆ. ಜುಂಜಣ್ಣ ಮೈಕಿನಲ್ಲಿ "ಹೋದ ಕಣ್ರವ್ವಾ ನಮ್ಮ ಕರಿಯಪ್ಪ!" ಎಂದು ತಾವೂ ಅತ್ತು ಜನರನ್ನೂ ಅಳಿಸಿದರು. ಮೂರನೆಯ ದಿನ ಊರಿನ ಕೆಂಚಕ್ಕ ಹಾಲು, ತುಪ್ಪ ತಂದು, ಸತ್ತವರ ಗುಂಡಿಗೆ ಬಿಡುವ ಹಾಗೆ ಪರದೆಯ ಕಂಬದ ಬುಡಕ್ಕೆ ಬಿಟ್ಟಳಂತೆ. ಇದೇನಮ್ಮ ಎಂದವರಿಗೆ, "ಅವನ ಕಡೇರು ಅಂದ್ರೆ ಆ ದಾಯಾದಿ ಒಬ್ನು. ಅವನು ಬಿಡ್ತಾನಾ ಹಾಲುತುಪ್ಪ?" ಎಂದಳಂತೆ.

"ಇವತ್ತೂ ಆಯಮ್ಮ ಮುಂದ್ಗಡೆನೇ ಕುಂತ್ಕಂತಾಳೆ" ಎನ್ನುತ್ತಾರೆ ಜುಂಜಣ್ಣ. "ಬದುಕಿರೋನಿಗೆ ಹಾಲುತುಪ್ಪ ಬಿಡಿಸ್ದೆ ಅಂದ್ರೆ ಇನ್ಮ್ಯಾಲೆ ನನ್ನ ಮಾತು ಯಾರು ನಂಬ್ತಾರೆ? ಇವನು ಅವಳಿ ತಮ್ಮ ಅಂದ್‌ಬಿಡ್ಲಾ?"

ನಾನು ಬಾಯಿ ಬಿಡಲೇಬೇಕಾಗುತ್ತದೆ. ಆ ಚಿತ್ರ ನಾನೂ ನೋಡಿದ್ದೇನೆ. ಅದರಲ್ಲಿ ಪ್ರಾಣಿ ಸತ್ತೇ ಇಲ್ಲ. ಸಮುದ್ರವೇ ಅದರ ಮನೆ. ಕೊನೆಯಲ್ಲಿ ಮನೆಗೆ ಹೋಯಿತು, ಅಷ್ಟೇ.

ಜುಂಜಣ್ಣ ರೀಲನ್ನು ಕೆಳಗಿಡುತ್ತಾರೆ. "ಮನೆಗೆ ಹೋಗಿದ್ದಾ? ನಮ್ಮ ಕಡೆ ನೀರಂದ್ರೆ ಬಾವಿ ಸ್ವಾಮಿ. ಬಿದ್ದೋನು ಮ್ಯಾಕೆ ಬರಲಿಲ್ಲ ಅಂದ್ರೆ ಮುಗೀತು. ನೀರೊಳಗೆ ಮನೆ ಇರ್ತೈತೆ ಅಂತ ನನಗೇನು ಗೊತ್ತು?"

ಸಂಜೆಯವರೆಗೆ ಕಾಯುವ ಮನುಷ್ಯರಲ್ಲ ಇವರು. ನೇರ ಕೆಂಚಕ್ಕನ ಮನೆಗೇ ನಡೆಯುತ್ತಾರೆ, ನಾನು ಹಿಂದೆ. ತಿಪ್ಪೆಗೆ ಸಗಣಿ ಸುರಿಯುತ್ತಿದ್ದ ಆಕೆಯ ಮುಂದೆ ನಿಂತು, ತಪ್ಪಾಯಿತೆಂದು ಎಲ್ಲ ಹೇಳಿಬಿಡುತ್ತಾರೆ. ಬೈಗುಳದ ಮಳೆ ಬರುತ್ತದೆಂದು ನಾನು ಕಾಯುತ್ತೇನೆ. ಆಕೆಯ ಕೈಯಿಂದ ಸಗಣಿಯ ಪುಟ್ಟಿ ಜಾರುತ್ತದೆ.

"ಅಯ್ಯೋ ನನ್ನಪ್ಪಾ! ಬದುಕವ್ನಾ?" ಸೆರಗಿನಿಂದ ಕಣ್ಣೊರೆಸಿಕೊಂಡ ಮೇಲೆ ಆಕೆಗೆ ಬೇರೆಯೇ ಚಿಂತೆ. "ಹಾಲುತುಪ್ಪ ಬಿಟ್ಟ ಹೆಸರು ಮತ್ತೆ ಕರೀಬಾರದು ಜುಂಜಣ್ಣ. ಈಗವನು ಹೊಸದಾಗಿ ಹುಟ್ಟಿದಂಗೆ. ತಿಪ್ಪೇಶಿ ಅನ್ನು. ಯಮ ಮುಟ್ಟಲ್ಲ."

ಮಕ್ಕಳು ಉಳಿಯದ ಮನೆಗಳಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ಆ ಹೆಸರಿಡುವುದು ಈ ಕಡೆಯ ವಾಡಿಕೆ. ಬೆಟ್ಟದಂಥದ್ದನ್ನು ಹೊರಳಿಸುವುದು ಹೇಗೆ? ಕೆಂಚಕ್ಕ ಒಂದು ಹಿಡಿ ತಿಪ್ಪೆಯ ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿ ಕೊಡುತ್ತಾಳೆ. "ಪರದೆಗೆ ಮುಟ್ಟಿಸು, ಸಾಕು."

ಸಂಜೆ ಮೊದಲ ಆಟಕ್ಕೆ ಮುನ್ನೂರು ಜನ. ಜುಂಜಣ್ಣ ಮೈಕಿನಲ್ಲಿ ತಪ್ಪೊಪ್ಪಿಕೊಂಡು, ಗಂಟನ್ನು ಪರದೆಗೆ ಮುಟ್ಟಿಸಿ ಮೂರು ಸಲ ಹೆಸರು ಕೂಗುತ್ತಾರೆ. ಒಬ್ಬರೂ ನಗುವುದಿಲ್ಲ. ತಮಾಷೆಯ ಲೇಖನ ಬರೆಯಲು ಬಂದ ನನಗೆ ನನ್ನ ಮೇಲೇ ನಾಚಿಕೆಯಾಗುತ್ತದೆ.

ಚಿತ್ರದ ಕೊನೆಯಲ್ಲಿ ತಿಪ್ಪೇಶಿ ದಾಯಾದಿಯನ್ನು ಕೆಡವಿ, ಮೈತುಂಬ ಗಾಯ ಹೊತ್ತು ಸಮುದ್ರಕ್ಕಿಳಿಯುತ್ತಾನೆ. ತಲೆ ಮುಳುಗುತ್ತದೆ. ಗುಳ್ಳೆ ಏಳುತ್ತವೆ. ಮುಂದಿನ ಸಾಲಿನಲ್ಲಿ ಯಾರೋ ಬಿಕ್ಕುವುದು ಕೇಳುತ್ತದೆ.

"ಅಳಬ್ಯಾಡ್ರವ್ವಾ" ಎನ್ನುತ್ತದೆ ಮೈಕು. "ಮನೆಗೆ ಹೋದ."

ಕೆಂಚಕ್ಕ ಎದ್ದು ಸೀರೆಗೆ ಹತ್ತಿದ ಮಣ್ಣು ಕೊಡವಿಕೊಳ್ಳುತ್ತಾಳೆ. "ಹಂಗಾದ್ರೆ ಸರಿ. ನಡೀರೇ, ನಾವೂ ಹೋಗಾಣ."