ಉಡ, ಸಿಂಪಿಗ ಹಕ್ಕಿ ಮತ್ತು ಕಾಕಿಯ ಸಾಮಾಯಿಕ

ಮೊನ್ನೆ ಕೊಲ್ಲಾಪುರದ ಅಂಗಡಿಯೊಂದರಲ್ಲಿ ಗಂಜಿ ಹಾಕಿದ ನೂಲಿನ ಹುಳಿವಾಸನೆ ಮೂಗಿಗೆ ಬಡಿಯಿತು. ಇಚಲಕರಂಜಿಯ ಆ ಹಿತ್ತಲು ಕಣ್ಣೆದುರು ಬಂತು. ಬಂದದ್ದು ಅದೇ ಹಿತ್ತಲೋ, ಇಷ್ಟು ವರ್ಷ ನಾನು ತಿದ್ದುತ್ತ ಬಂದದ್ದೋ, ಆಣೆ ಮಾಡಿ ಹೇಳಲಾರೆ.

ನಲವತ್ತರ ದಶಕದ ಮೊದಲ ವರ್ಷಗಳು. ನಾನು ಶಾಲೆಗೆ ಹೊಸ ಮಾಸ್ತರ. ಜೈನ ವಿಧವೆಯೊಬ್ಬರ ಮನೆಯಲ್ಲಿ ಬಾಡಿಗೆಗಿದ್ದೆ. ಅವರನ್ನು ಕಾಕಿ ಎನ್ನುತ್ತಿದ್ದೆ. ಹಿತ್ತಲಿನ ಅಂಜೂರದ ಗಿಡದಲ್ಲಿ ಸಿಂಪಿಗ ಹಕ್ಕಿಯೊಂದು, ಮಗ್ಗದವರು ಬಿಸಾಡಿದ ನೂಲಿನಿಂದ ಎರಡು ಎಲೆ ಹೊಲಿದು, ಮೂರು ಮರಿ ಮಾಡಿತ್ತು. ಗೋಡೆಯ ಬಿರುಕಿನಲ್ಲಿ ಎರಡು ಮೊಳದ ಉಡ. ಹಕ್ಕಿ ಹೆಬ್ಬೆರಳಿನಷ್ಟು, ಅದರ ದನಿ ಓಣಿಗೆಲ್ಲ ಕೇಳುವಷ್ಟು. ಉಡಕ್ಕೆ ಮೈಯೆಲ್ಲ ಬಲ. ಬುಸುಗುಡುವುದು ಬಿಟ್ಟರೆ ದನಿಯೇ ಇಲ್ಲ. ಅದನ್ನು ಓಡಿಸೋಣ ಎಂದಾಗ ಕಾಕಿ ರೇಗಿದ್ದರು:

“ಅದಕ್ಕೂ ಐದ ಇಂದ್ರಿಯ, ಇದಕ್ಕೂ ಐದ. ಹಾಡಾಕ ಬರ್ತದಂತ ಇದರ ಜೀವ ಹೆಚ್ಚೇನ್ರಿ ಮಾಸ್ತರ?”

ಒಂದು ಬೆಳಿಗ್ಗೆ ಉಡ ಹಿಡಿಯುವ ಇಬ್ಬರು ನಾಯಿಯೊಂದಿಗೆ ಬಂದರು. ಉಡ ಬಿರುಕಿಗೆ ನುಗ್ಗಿದ್ದನ್ನು ಕಾಕಿ ಆಗತಾನೇ ನೋಡಿದ್ದರು. ಸುಳ್ಳು ಹೇಳುವಂತಿಲ್ಲ, ನಿಜ ಹೇಳಿದರೆ ಅದು ಸಾಯುತ್ತದೆ. ತಟ್ಟನೆ ಚಾಪೆ ಹಾಸಿ ಸಾಮಾಯಿಕಕ್ಕೆ ಕುಳಿತುಬಿಟ್ಟರು. ಮುಕ್ಕಾಲು ತಾಸು ಮಾತಾಡುವುದಿಲ್ಲ, ಕದಲುವುದಿಲ್ಲ. ಅದು ಅವರ ನೇಮ.

“ಬಾಯಾರ, ಉಡ ಈ ಕಡೆ ಬಂತೇನ್ರಿ?” ಎಂದ ಒಬ್ಬ.

“ಏ, ಧ್ಯಾನಕ್ಕ ಕುಂತಾರ, ಮಾತಾಡಸಬ್ಯಾಡ,” ಎಂದ ಇನ್ನೊಬ್ಬ ನನ್ನತ್ತ ತಿರುಗಿದ. “ಮಾಸ್ತರ, ನೀವರ ಹೇಳ್ರಿ.”

“ಗ್ವಾಡಿ ಹಾರಿ ಹೊಲಕ್ಕ ಹೋತು,” ಎಂದೆ.

“ಗ್ವಾಡಿ ಹಾರಾಕ ಅದೇನ ನಿಮ್ಮ ಸಾಲಿ ಹುಡುಗರೇನ್ರಿ?” ಎಂದು ನಗುತ್ತ, ಗೋಡೆಯತ್ತ ಜಗ್ಗುತ್ತಿದ್ದ ನಾಯಿಯನ್ನು ಎಳೆದುಕೊಂಡು ಇಬ್ಬರೂ ಹೊಲದ ಕಡೆ ಹೋದರು.

ಸ್ವಲ್ಪ ಹೊತ್ತಿಗೆ ಉಡ ಹೊರಬಂತು. ಗಿಡ ಹತ್ತಿತು. ತಾಯಿಹಕ್ಕಿ ಕಿರುಚುತ್ತಲೇ ಇತ್ತು… ಕಾಕಿಯ ಕೈ ಮಡಿಲಿನಿಂದ ಏಳಲಿಲ್ಲ. ಕೆನ್ನೆಯ ಮೇಲೆ ನೀರಿಳಿಯಿತು. ಈ ಕಣ್ಣೀರನ್ನು ನಾನು ಆಮೇಲೆ ಸೇರಿಸಿರಬಹುದು. ಆದರೆ ಗಿಡದಿಂದ ನಾಲ್ಕು ಹೆಜ್ಜೆ ದೂರ, ಕಟ್ಟೆಯ ಮೇಲೆ ನಾನಿದ್ದದ್ದು ನಿಜ. ನನಗೆ ಯಾವ ನೇಮವೂ ಇರಲಿಲ್ಲ. ಎಲೆಯ ಹೊಲಿಗೆಯೊಳಗೆ ಆ ಸೀಳುನಾಲಗೆ ಹೋಗಿಬರುವುದನ್ನು ನೋಡುತ್ತ ಕುಳಿತಿದ್ದೆ.

ನೇಮ ಮುಗಿಸಿ ಎದ್ದ ಕಾಕಿ ಹರಿದ ಎಲೆಗಳನ್ನು ಮುಟ್ಟಿ ನೋಡಿದರು.

“ನೀವು ಇಲ್ಲೇ ಇದ್ರಲ್ಲ, ಮಾಸ್ತರ?”

“ಓದಾಕತ್ತಿದ್ನಿ ಕಾಕಿ. ನೋಡ್ಲಿಲ್ರಿ.”

ನಂಬಿದರೋ ಇಲ್ಲವೋ… ಅಂದೂ ಎಂದಿನಂತೆ ಬಿಸಿ ರೊಟ್ಟಿ ಕೊಟ್ಟರು.

ಈಗ ಆ ಹಿತ್ತಲಲ್ಲಿ ಮಗ್ಗದ ಶೆಡ್ಡು ನಿಂತಿದೆ. ನಾನು ನೋಡಿದ್ದೆ ಎಂದು ಹೇಳಿಕೊಳ್ಳಬೇಕಿದ್ದದ್ದು ಅವರೊಬ್ಬರಿಗೇ. ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಎರಡು ವರ್ಷ ತಡವಾಗಿ.