ಗೋಲ್ಡ್ ಮೆಂಬರ್‌ಶಿಪ್

ಮನೆಯಲ್ಲಿ ಮಗಳು ಮಾತು ಮುಗಿಸಲು ಬಿಡುವುದಿಲ್ಲ, ಆಫೀಸಿನಲ್ಲಿ ಫೋನು ಬಿಡುವುದಿಲ್ಲ. ಅವತ್ತೂ ಮತ್ತೆ ಅದೇ ಆಯಿತು.

ಹೊಸಪೇಟೆಯಲ್ಲಿ ಕಾರ್ಖಾನೆಗಳಿಗೆ ಕೆಲಸಗಾರರನ್ನು ಹುಡುಕಿಕೊಡುವ ಆಫೀಸು ನಮ್ಮದು. ಕಂಪ್ಲಿಯಿಂದ ಬಂದ ಹುಡುಗಿಯೊಬ್ಬಳು ಮಾರ್ಕ್ಸ್ ಕಾರ್ಡ್ ಹಿಡಿದು ಎದುರಿಗೆ ಕೂತಿದ್ದಳು. "ಹತ್ತನೇದಷ್ಟ ಅಂತ ಯಾಕ ನಾಚ್ತಿ ತಂಗಿ? ನಾನೂ ಅಷ್ಟ ಓದೀನಿ," ಎಂದು ಆಗತಾನೆ ಧೈರ್ಯ ಹೇಳಿದ್ದೆ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು, ಸ್ಪೀಕರ್ ಒತ್ತಿದೆ. ನಮಗೆ ಅರ್ಜಿಗಳನ್ನು ಕಳಿಸುವ ನೌಕರಿ ಆ್ಯಪಿನವನು.

"ಮೇಡಂ, ನಿಮ್ಮ ಓನರ್ ಗೋಲ್ಡ್ ಮೆಂಬರ್‌ಶಿಪ್ ತಗೊಂಡಿದ್ದಾರೆ. ನಾಳೆಯಿಂದ ಡಿಗ್ರಿ ಇಲ್ಲದವರ ಅರ್ಜಿ ನಿಮ್ಮ ಕಣ್ಣಿಗೇ ಬೀಳಲ್ಲ."

"ಸಿಲ್ವರ್‌ನಾಗ?"

"ಅದರಲ್ಲಿ ಎಲ್ಲರೂ ಬರ್ತಾರೆ ಮೇಡಂ. ನಿಮಗೇ ತಲೆನೋವು."

"ತಲಿ ನಂದು, ನಿನಗ್ಯಾಕಪ್ಪ ನೋವು?" ಎಂದು ಫೋನ್ ಕುಕ್ಕಿದೆ.

ಹುಡುಗಿ ಮಾರ್ಕ್ಸ್ ಕಾರ್ಡನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡಳು.

"ಅಕ್ಕಾ, ನಾಳೆ ಬಂದ್ರ ನಾ ನಿಮಗ ಕಾಣ್ತೀನೇನ್ರಿ?"